ಬೀದಿಯ ಹೆಸರು ಸರ್ಕಾರದ ಹೆಸರಾಗುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರದಲ್ಲಿ ಕೆ.ಎ.ಎಸ್., ಎಫ್.ಡಿ.ಎ. ಪರೀಕ್ಷೆಗಳಿಗೆ ಓದುತ್ತಿರುವ ಕೆಲವರೊಂದಿಗೆ ಕುಳಿತು ಭಾನುವಾರ ಬೆಳಿಗ್ಗೆ ಪತ್ರಿಕೆಯ ವಿದೇಶ ಪುಟವನ್ನು ಓದುವ ವಾಡಿಕೆಯನ್ನು ನಾನು ಇಟ್ಟುಕೊಂಡಿದ್ದೇನೆ. ಬ್ರಿಟನ್ನಿನ ಪ್ರಧಾನಿಯ ಮನೆ, ಕಚೇರಿ ಇರುವ ಲಂಡನ್ನಿನ ಬೀದಿ ಡೌನಿಂಗ್ ಸ್ಟ್ರೀಟ್; ಅಲ್ಲಿನ ಸರ್ಕಾರವನ್ನೇ ಪತ್ರಿಕೆಗಳು ಆ ಹೆಸರಿನಿಂದ ಕರೆಯುತ್ತವೆ. ಹೊಸದಾಗಿ ಬಂದವರು ಮೊದಲ ತಿಂಗಳಲ್ಲೇ ಕೇಳುವ ಪ್ರಶ್ನೆಯೊಂದಿದೆ: ‘ಡೌನಿಂಗ್ ಸ್ಟ್ರೀಟ್ ನಿರಾಕರಿಸಿದೆ’ ಎಂದು ಬರೆದಿದ್ದಾರಲ್ಲ, ಬೀದಿ ಹೇಗೆ ನಿರಾಕರಿಸುತ್ತದೆ? ಅದರ ಬೆನ್ನಿಗೇ ಬೇರೆ ಪ್ರಶ್ನೆಗಳೂ ಬರುತ್ತವೆ. ಪ್ರತಿ ಸಲವೂ ಬಾಯಲ್ಲಿ ಹೇಳುವುದಕ್ಕಿಂತ ಬರೆದಿಡುವುದು ಮೇಲೆನಿಸಿ, ಹೆಚ್ಚುಕಡಿಮೆ ಅವರು ಕೇಳಿದ ಕ್ರಮದಲ್ಲೇ ಇಲ್ಲಿ ಕೊಟ್ಟಿದ್ದೇನೆ.

ಬೀದಿ ನಿರಾಕರಿಸಿತು, ಬೀದಿ ಒಪ್ಪಿತು ಎಂದು ಬರೆಯುವುದು ಸರಿಯೇ?

ಸರಿ. ಇದು ಇಂಗ್ಲಿಷ್ ಪತ್ರಿಕೆಗಳಿಂದ ಬಂದ ಚಾಳಿ ಎಂದು ಹಲವರು ಭಾವಿಸಿದ್ದಾರೆ, ಆದರೆ ನಮ್ಮ ಅಲಂಕಾರಶಾಸ್ತ್ರ ಇದನ್ನು ಲಕ್ಷಣಾ ಎಂಬ ಹೆಸರಿನಲ್ಲಿ ಬಹಳ ಹಿಂದೆಯೇ ಚರ್ಚಿಸಿ ಮುಗಿಸಿದೆ. ‘ಮಂಚಾಃ ಕ್ರೋಶಂತಿ’, ಅಂದರೆ ಮಂಚಗಳು ಕೂಗುತ್ತಿವೆ ಎಂಬುದು ಶಾಸ್ತ್ರಕಾರರು ಮತ್ತೆ ಮತ್ತೆ ಕೊಡುವ ಉದಾಹರಣೆ. ಮಂಚಕ್ಕೆ ಬಾಯಿಲ್ಲ, ಆದ್ದರಿಂದ ಮಂಚದ ಮೇಲಿರುವವರು ಕೂಗುತ್ತಿದ್ದಾರೆ ಎಂದು ಕೇಳುವವನು ಅರ್ಥ ಮಾಡಿಕೊಳ್ಳುತ್ತಾನೆ. ಅಲಂಕಾರಶಾಸ್ತ್ರಕಾರ ಮಮ್ಮಟನು ಇದಕ್ಕೆ ಮೂರು ಷರತ್ತುಗಳನ್ನು ಹೇಳುತ್ತಾನೆ: ಪದದ ನೇರ ಅರ್ಥ ಹೊಂದದೆ ಹೋಗಬೇಕು, ಹೊಸ ಅರ್ಥಕ್ಕೂ ಹಳೆಯದಕ್ಕೂ ಸಂಬಂಧವಿರಬೇಕು, ಮತ್ತು ಹಾಗೆ ಹೇಳುವುದಕ್ಕೆ ರೂಢಿಯೋ ವಿಶೇಷವಾದ ಪ್ರಯೋಜನವೋ ಕಾರಣವಾಗಿರಬೇಕು. ಡೌನಿಂಗ್ ಸ್ಟ್ರೀಟ್ ಈ ಮೂರಕ್ಕೂ ಹೊಂದುತ್ತದೆ. ‘ಊರಿಗೆ ಊರೇ ತೇರಿಗೆ ಬಂದಿತ್ತು’ ಎನ್ನುವಾಗ ನಾವೂ ಇದನ್ನೇ ಮಾಡುತ್ತೇವೆ.

ಈ ಡೌನಿಂಗ್ ಯಾರು? ದೊಡ್ಡ ರಾಜಕಾರಣಿಯೇ?

ಸರ್ ಜಾರ್ಜ್ ಡೌನಿಂಗ್ 17ನೇ ಶತಮಾನದ ರಾಯಭಾರಿ, ಗೂಢಚಾರ. ರಾಜನಿಲ್ಲದ ಕಾಲದಲ್ಲಿ ಇಂಗ್ಲೆಂಡನ್ನು ಆಳಿದ ಕ್ರಾಮ್‌ವೆಲ್‌ನ ಸೇವೆಯಲ್ಲಿದ್ದವನು, ರಾಜಪ್ರಭುತ್ವ ಮರಳುತ್ತಲೇ ಎರಡನೇ ಚಾರ್ಲ್ಸ್‌ನ ಕಡೆಗೆ ಜಿಗಿದವನು. ಹಾಗೆ ಜಿಗಿದ ಮೇಲೆ ತನ್ನ ಹಳೆಯ ಸಂಗಡಿಗರನ್ನೇ ಹಿಡಿದುಕೊಟ್ಟ. 1662ರಲ್ಲಿ ಅವನು ಸೆರೆಹಿಡಿಸಿದವರಲ್ಲಿ ಒಂದು ಕಾಲಕ್ಕೆ ತನಗೇ ಸೇನಾಧಿಕಾರಿಯಾಗಿದ್ದ ಜಾನ್ ಓಕಿಯೂ ಇದ್ದ. ಕೊನೆಗಾಲದಲ್ಲಿ, 1680ರ ದಶಕದ ಆರಂಭದಲ್ಲಿ, ಲಾಭಕ್ಕೆಂದು ಒಂದು ಮುಚ್ಚಿದ ಓಣಿಯಲ್ಲಿ ಸಾಲು ಮನೆಗಳನ್ನು ಕಟ್ಟಿಸಿದ, ಖರ್ಚು ಉಳಿಸಲು ತಳಪಾಯವನ್ನೂ ಗಟ್ಟಿಯಾಗಿ ಹಾಕಿಸಲಿಲ್ಲ. ಪಕ್ಷಾಂತರಿಯೂ ರಿಯಲ್ ಎಸ್ಟೇಟ್ ವ್ಯವಹಾರಸ್ಥನೂ ಒಬ್ಬನೇ ಆಗಿದ್ದ ಈ ಮನುಷ್ಯನನ್ನು ಅರ್ಥ ಮಾಡಿಕೊಳ್ಳಲು ನಮ್ಮ ಭಾಗದ ಓದುಗರಿಗೆ ವಿಶೇಷ ಟಿಪ್ಪಣಿ ಬೇಕಾಗದು.

ಅಂದರೆ ಹೆಸರು ಸರ್ಕಾರದ್ದಾದದ್ದು ಡೌನಿಂಗ್‌ನ ಘನತೆಯಿಂದಲ್ಲ. ಬೀದಿಗೆ ಯಾರ ಹೆಸರಿತ್ತು ಎಂಬುದು ಇಲ್ಲಿ ಗಣನೆಗೇ ಬರುವುದಿಲ್ಲ.

ಪ್ರಧಾನಿ ಅಲ್ಲಿ ವಾಸಿಸುತ್ತಾರೆ ಎಂಬ ಕಾರಣಕ್ಕೆ ತಾನೇ ಆ ಹೆಸರು ನಿಂತದ್ದು?

ಇದು ಎಲ್ಲರೂ ಕೊಡುವ ಉತ್ತರ, ಅರ್ಧ ಮಾತ್ರ ಸರಿ. ರಾಜ ಎರಡನೇ ಜಾರ್ಜ್ 1732ರಲ್ಲಿ ಆ ಮನೆಯನ್ನು, ಬ್ರಿಟನ್ನಿನ ಮೊದಲ ಪ್ರಧಾನಿ ಎಂದು ಎಣಿಸಲಾಗುವ ರಾಬರ್ಟ್ ವಾಲ್‌ಪೋಲ್‌ಗೆ ಉಡುಗೊರೆಯಾಗಿ ಕೊಡಲು ಬಂದಾಗ, ವಾಲ್‌ಪೋಲ್ ತನ್ನ ಸ್ವಂತಕ್ಕೆ ಬೇಡವೆಂದು, ಖಜಾನೆಯ ಪ್ರಥಮ ಲಾರ್ಡ್ ಎಂಬ ಹುದ್ದೆಗೆ ಸೇರಿದ ಮನೆಯಾಗಿ ಸ್ವೀಕರಿಸಿದ. ದುರಸ್ತಿ ಮುಗಿದು ಒಳಹೊಕ್ಕದ್ದು 1735ರಲ್ಲಿ. ಇಂದಿಗೂ 10ನೇ ಸಂಖ್ಯೆಯ ಕಪ್ಪು ಬಾಗಿಲಿನ ಹಿತ್ತಾಳೆಯ ಅಂಚೆಗಂಡಿಯ ಮೇಲೆ ಕೆತ್ತಿರುವುದು ಆ ಖಜಾನೆಯ ಹುದ್ದೆಯ ಹೆಸರು, ಪ್ರಧಾನಿ ಎಂಬ ಪದವಲ್ಲ. ಆದರೆ ಮುಂದಿನ ಒಂದೂವರೆ ಶತಮಾನದಲ್ಲಿ ಹಲವು ಪ್ರಧಾನಿಗಳಿಗೆ ಅದಕ್ಕಿಂತ ಒಳ್ಳೆಯ ಸ್ವಂತ ಮನೆಗಳಿದ್ದವು, ಅವರು ಅಲ್ಲಿ ವಾಸಿಸಲಿಲ್ಲ. 1902ರಲ್ಲಿ ಪ್ರಧಾನಿಯಾದ ಆರ್ಥರ್ ಬಾಲ್ಫೋರ್ ನಂತರವೇ ವಾಸ ಕಟ್ಟುನಿಟ್ಟಿನ ವಾಡಿಕೆಯಾದದ್ದು.

ಹೆಸರು ಅದಕ್ಕೂ ಮೊದಲೇ ಸರ್ಕಾರವನ್ನು ಸೂಚಿಸುತ್ತಿತ್ತು. 19ನೇ ಶತಮಾನದಲ್ಲಿ ವಿದೇಶಾಂಗ ಕಚೇರಿಯೂ ವಸಾಹತುಗಳ ಕಚೇರಿಯೂ ಅದೇ ಪುಟ್ಟ ಓಣಿಯಲ್ಲಿದ್ದವು, ವಸಾಹತುಗಳ ಕಚೇರಿಯ ಸಂಖ್ಯೆ 14. ಅಲ್ಲಿಂದ ಕೆನಡಾಕ್ಕೋ ಆಸ್ಟ್ರೇಲಿಯಕ್ಕೋ ಹೊರಟ ಪ್ರತಿ ಅಧಿಕೃತ ಪತ್ರದ ತಲೆಯ ಮೇಲೆ, ದಿನಾಂಕದ ಪಕ್ಕದಲ್ಲಿ, ‘ಡೌನಿಂಗ್ ಸ್ಟ್ರೀಟ್’ ಎಂದು ಬರೆದಿರುತ್ತಿತ್ತು. ತಿಂಗಳುಗಟ್ಟಲೆ ಹಡಗಿನಲ್ಲಿ ಬಂದ ಕಾಗದವನ್ನು ಬಿಡಿಸಿದ ವಸಾಹತಿನ ಗವರ್ನರ್‌ಗೂ ಅಲ್ಲಿನ ಪತ್ರಿಕೆಯವರಿಗೂ ಲಂಡನ್ನಿನ ಸರ್ಕಾರವೆಂದರೆ ಆ ಎರಡು ಪದಗಳೇ ಆಗಿದ್ದವು. ಪ್ರಧಾನಿ ಎಲ್ಲಿ ಮಲಗುತ್ತಾರೆ ಎಂಬುದರಿಂದ ಅವರಿಗೆ ಆಗಬೇಕಾದದ್ದು ಏನೂ ಇರಲಿಲ್ಲ.

ಹಾಗಾದರೆ ಈ ಹೆಸರನ್ನು ಇಡುವವರು ಯಾರು? ಸರ್ಕಾರವೇ?

ದೂರದಲ್ಲಿದ್ದು ಕಾಯುವವರು ಇಡುತ್ತಾರೆ ಎಂಬುದು ನನ್ನ ತಿಳುವಳಿಕೆ. ಇದಕ್ಕೆ ಲಂಡನ್ನಿಗೆ ಹೋಗಬೇಕಾಗಿಲ್ಲ, ನಮ್ಮ ಜಿಲ್ಲೆಯ ಉದಾಹರಣೆಯೇ ಸಾಕು.

2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಬಾಗೇಪಲ್ಲಿ, ಗುಡಿಬಂಡೆ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಎಲ್ಲವೂ ಕೋಲಾರ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ಆಗ ನಮ್ಮ ಮನೆಯಲ್ಲಿ ‘ಕೋಲಾರ’ ಎಂದರೆ ಊರಲ್ಲ. ‘ಪೋಡಿ ಫೈಲು ಕೋಲಾರದಲ್ಲಿದೆ’, ‘ಕೋಲಾರ ಒಪ್ಪಬೇಕು’, ‘ಕೋಲಾರದಿಂದ ಇನ್ನೂ ಉತ್ತರ ಬಂದಿಲ್ಲ’ ಎಂದು ತಂದೆಯವರು ಹೇಳುತ್ತಿದ್ದುದನ್ನು ಕೇಳಿಯೇ ನಾನು ಬೆಳೆದೆ. ಪಹಣಿ, ಖಾತೆಯ ನಕಲು, ಹಳೆಯ ಕ್ರಯಪತ್ರ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಅದರ ಮೇಲೆ ಟವಲು ಸುತ್ತಿ, ಮೊದಲ ಬಸ್ಸಿಗೆ ಶಿಡ್ಲಘಟ್ಟ, ಚಿಂತಾಮಣಿಯ ಮೇಲೆ ಅವರು ಹೊರಡುತ್ತಿದ್ದರು. ಕೋಲಾರದಲ್ಲಿ ಕೋಲಾರಮ್ಮನ ಗುಡಿಯಿದೆ, ಸೋಮೇಶ್ವರನ ಗುಡಿಯಿದೆ ಎಂಬುದು ನನಗೆ ಗೊತ್ತಾದದ್ದು ತೀರಾ ತಡವಾಗಿ. ಅದುವರೆಗೆ ಅದೊಂದು ದೊಡ್ಡ ಮೇಜು ಮತ್ತು ಅದರ ಹಿಂದೆ ಕುಳಿತ ಯಾರೋ ಒಬ್ಬರು ಎಂದಷ್ಟೇ ಅಂದುಕೊಂಡಿದ್ದೆ.

ಕೋಲಾರ ಪಟ್ಟಣದಲ್ಲೇ ಇರುವವರು ಈ ಅರ್ಥದಲ್ಲಿ ಕೋಲಾರ ಎನ್ನುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು. ಅವರಿಗೆ ಅದು ಡಿ.ಸಿ. ಆಫೀಸು, ಇನ್ನೂ ಹತ್ತಿರದವರಿಗೆ ಇಂಥ ಸೆಕ್ಷನ್ನು, ಇಂಥ ಗುಮಾಸ್ತರು. ಹತ್ತಿರ ಹೋದಷ್ಟೂ ಹೆಸರು ಒಡೆದು ಚಿಕ್ಕದಾಗುತ್ತದೆ, ದೂರ ಹೋದಷ್ಟೂ ಎಲ್ಲವೂ ಕೂಡಿ ಒಂದೇ ಆಗುತ್ತದೆ. ಬಾಗೇಪಲ್ಲಿಯವರಿಗೆ ಕೋಲಾರ, ಕೋಲಾರದವರಿಗೆ ಬೆಂಗಳೂರು, ಬೆಂಗಳೂರಿನ ರಾಜಕಾರಣಿಗೆ ದೆಹಲಿ. ‘ದೆಹಲಿಯಿಂದ ಬುಲಾವ್’ ಎಂಬ ತಲೆಬರಹದಲ್ಲಿ ಕರೆದದ್ದು ಯಾರು ಎಂದು ನಾವು ಯಾರೂ ಕೇಳುವುದಿಲ್ಲ.

ಊರಿನ ಹೆಸರಿನ ಬದಲು ಬೀದಿಯ ಹೆಸರು ಬರುವುದು ಯಾವಾಗ?

ರಾಜಧಾನಿಯಲ್ಲಿ ಒಂದಕ್ಕಿಂತ ಹೆಚ್ಚು ಅಧಿಕಾರ ಕೇಂದ್ರಗಳಿದ್ದು, ಅವುಗಳನ್ನು ಬೇರೆ ಬೇರೆಯಾಗಿ ಹೇಳಬೇಕಾದಾಗ. ಪ್ಯಾರಿಸ್ ಎಂದರೆ ಫ್ರಾನ್ಸ್ ಸರ್ಕಾರ. ಅದರೊಳಗಿನ ವಿದೇಶಾಂಗ ಸಚಿವಾಲಯವನ್ನಷ್ಟೇ ಹೇಳಬೇಕಾದರೆ ಕೆ ದೋರ್ಸೆ, ಅಂದರೆ ಸೇನ್ ನದಿಯ ದಡದಲ್ಲಿ ಆ ಸಚಿವಾಲಯ ನಿಂತಿರುವ ರಸ್ತೆಯ ಹೆಸರು. ವಿಯೆನ್ನಾದಲ್ಲಿ ಬಾಲ್‌ಹೌಸ್‌ಪ್ಲಾಟ್ಸ್ ಎಂಬ ಚೌಕಕ್ಕೆ ಇದೇ ಪಾತ್ರ. ಒಂದು ಕಾಲದಲ್ಲಿ ಅಲ್ಲಿ ಚೆಂಡಾಟದ ಮನೆಯಿತ್ತು, ಆ ಹೆಸರು ಉಳಿದುಕೊಂಡು, 1814–15ರಲ್ಲಿ ಯುರೋಪಿನ ಗಡಿಗಳನ್ನು ಹೊಸದಾಗಿ ಗುರುತಿಸಿದ ಸಮ್ಮೇಳನದ ಮಾತುಕತೆಗಳು ಅಲ್ಲಿ ನಡೆದವು, ಆಸ್ಟ್ರಿಯಾದ ಚಾನ್ಸಲರ್ ಕಚೇರಿ ಈಗಲೂ ಅಲ್ಲಿದೆ.

ವಿಧಾನಸೌಧದ ಮುಂದೆಯೂ ಒಂದು ಬೀದಿಯಿದೆ. ಅದರ ಹೆಸರು ಏಕೆ ಸರ್ಕಾರದ ಹೆಸರಾಗಲಿಲ್ಲ?

ಒಳ್ಳೆಯ ಪ್ರಶ್ನೆ, ಕೇಳಿದಾಕೆ ಶಿಡ್ಲಘಟ್ಟ ಕಡೆಯ ಹುಡುಗಿ. ಆ ಬೀದಿ ಡಾ. ಅಂಬೇಡ್ಕರ್ ವೀಧಿ. ‘ಅಂಬೇಡ್ಕರ್ ವೀಧಿ ಆದೇಶ ಹೊರಡಿಸಿದೆ’ ಎಂದು ಯಾರೂ ಬರೆಯುವುದಿಲ್ಲ, ಏಕೆಂದರೆ ಅಲ್ಲಿನ ಕಟ್ಟಡಕ್ಕೆ ಬೀದಿಗಿಂತ ದೊಡ್ಡ ಹೆಸರಿದೆ. 1951ರಲ್ಲಿ ನೆಹರೂ ಅಡಿಗಲ್ಲು ಹಾಕಿದ, ಕೆಂಗಲ್ ಹನುಮಂತಯ್ಯನವರ ಹಟದಿಂದ ಮೇಲೆದ್ದು 1956ರಲ್ಲಿ ಮುಗಿದ ಆ ಗ್ರಾನೈಟ್ ಕಟ್ಟಡ ದೂರದಿಂದಲೇ ಕಾಣುತ್ತದೆ, ಶಾಲಾ ಪ್ರವಾಸದ ಫೋಟೋದಲ್ಲಿ ಇರುತ್ತದೆ, ಅದಕ್ಕೆಂದೇ ಹೊಸದಾಗಿ ಮಾಡಿದ ಹೆಸರನ್ನು ಹೊತ್ತಿದೆ.

ಕಟ್ಟಡಕ್ಕೆ ಸ್ವಂತ ಹೆಸರಿಲ್ಲದ ಕಡೆಯಲ್ಲೇ ಬೀದಿಯ ಹೆಸರು ಗೆಲ್ಲುವುದು ಹೆಚ್ಚು. ಡೌನಿಂಗ್ ಓಣಿಯ ಮನೆಗಳಿಗೆ ಸಂಖ್ಯೆಗಳು ಮಾತ್ರ ಇದ್ದವು. ವಾಷಿಂಗ್ಟನ್ನಿನಲ್ಲಿ ಶ್ವೇತಭವನಕ್ಕೆ ಹೆಸರಿತ್ತು, ಆದ್ದರಿಂದ ಪೆನ್ಸಿಲ್ವೇನಿಯಾ ಅವೆನ್ಯೂ ಹಿಂದೆ ಬಿತ್ತು. ಪ್ಯಾರಿಸ್ಸಿನಲ್ಲೇ ಪ್ರಧಾನಿಯ ಕಚೇರಿ ವರೆನ್ ಬೀದಿಯಲ್ಲಿದೆ, ಆದರೆ ಆ ಭವನಕ್ಕೆ ಮಾತಿನ್ಯೋಂ ಎಂಬ ಹೆಸರಿರುವುದರಿಂದ ಬೀದಿಯನ್ನು ಯಾರೂ ಕೇಳುವುದಿಲ್ಲ. ನಿಯಮವನ್ನು ಮುರಿಯುವ ಉದಾಹರಣೆಯೂ ನಮ್ಮಲ್ಲೇ ಇದೆ: ದೆಹಲಿಯಲ್ಲಿ ಪ್ರಧಾನಿಯ ನಿವಾಸಕ್ಕೆ ಪಂಚವಟಿ ಎಂಬ ಹೆಸರಿದ್ದರೂ ದಶಕಗಳ ಕಾಲ ಪತ್ರಿಕೆಗಳು ರೇಸ್ ಕೋರ್ಸ್ ರಸ್ತೆ ಎಂದೇ ಬರೆದವು.

ವಿಧಾನಸೌಧದ ಮಟ್ಟಿಗೆ ನಮ್ಮವರು ಬೀದಿಗೆ ಹೋಗುವ ಬದಲು ಒಳಕ್ಕೆ ಹೋದರು ಎನ್ನಬಹುದು. ಮುಖ್ಯಮಂತ್ರಿಯ ಕಚೇರಿ ಮೂರನೇ ಮಹಡಿಯಲ್ಲಿರುವುದರಿಂದ ‘ಮೂರನೇ ಮಹಡಿಯ ಕಣ್ಣು’ ಯಾರ ಮೇಲಿದೆ ಎಂದು ವರದಿಗಾರರು ಬರೆಯುತ್ತಾರೆ, ಬೆಂಗಳೂರಿನ ಓದುಗನಿಗೆ ಅದು ಅರ್ಥವಾಗುತ್ತದೆ. ಮುಖ್ಯಮಂತ್ರಿಗಳು ಬಳಸುವ ಮನೆಗಳಿಗೆ ಕೃಷ್ಣಾ, ಕಾವೇರಿ ಎಂಬ ಹೆಸರುಗಳಿದ್ದು, ‘ಕಾವೇರಿಗಾಗಿ ಪೈಪೋಟಿ’ ಎಂಬ ತಲೆಬರಹ ನೀರಿನದೋ ಮನೆಯದೋ ಎಂದು ಎರಡನೇ ಸಾಲಿನವರೆಗೆ ಕಾಯಬೇಕಾದ ಸಂದರ್ಭಗಳೂ ಉಂಟು.

ನಮ್ಮ ಬಿ.ಬಿ. ರಸ್ತೆಗೆ ಅಥವಾ ತುಮಕೂರಿನ ಬಿ.ಎಚ್. ರಸ್ತೆಗೆ ಈ ಯೋಗವಿದೆಯೇ?

ಇಲ್ಲ. ಬಸ್ ನಿಲ್ದಾಣ, ಬಟ್ಟೆ ಅಂಗಡಿ, ದರ್ಶಿನಿ, ಕಾಲೇಜು ಎಲ್ಲವೂ ಇರುವ ರಸ್ತೆ ಯಾವುದೊಂದರ ಹೆಸರೂ ಆಗಲಾರದು.

ನಂದಿಬೆಟ್ಟಕ್ಕೂ ದೊಡ್ಡವರೆಲ್ಲ ಬಂದಿದ್ದಾರೆ. ಅದು ಏಕೆ ಸಿಮ್ಲಾದಂತೆ ಸರ್ಕಾರದ ಹೆಸರಾಗಲಿಲ್ಲ?

ಮೈಸೂರು ಸೀಮೆಯನ್ನು ಕಾಲು ಶತಮಾನಕ್ಕೂ ಹೆಚ್ಚು ಕಾಲ ಕಮಿಷನರ್ ಆಗಿ ಆಳಿದ ಮಾರ್ಕ್ ಕಬ್ಬನ್‌ಗೆ ಬೇಸಿಗೆಯ ಮನೆ ನಂದಿಬೆಟ್ಟದ ಮೇಲಿತ್ತು. 1986ರಲ್ಲಿ ಬೆಂಗಳೂರಿನಲ್ಲಿ ಸಾರ್ಕ್ ಶೃಂಗಸಭೆ ನಡೆದಾಗ ದಕ್ಷಿಣ ಏಷ್ಯಾದ ನಾಯಕರು ಬೆಟ್ಟ ಹತ್ತಿದರು. 2025ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟದ ಸಭೆಯೇ ಅಲ್ಲಿ ಸೇರಿತು. ಇಷ್ಟಾದರೂ ನಂದಿಬೆಟ್ಟ ಎಂದರೆ ಮಂಜು, ಭಾನುವಾರದ ಬೈಕುಗಳು, ಟಿಪ್ಪು ಡ್ರಾಪ್.

ಸಿಮ್ಲಾದ ಕಥೆ ಬೇರೆ. 1864ರಲ್ಲಿ ವೈಸರಾಯ್ ಜಾನ್ ಲಾರೆನ್ಸ್ ಅದನ್ನು ಬೇಸಿಗೆಯ ರಾಜಧಾನಿ ಮಾಡಿದ ಮೇಲೆ ಅಲ್ಲಿಗೆ ಹೋಗುತ್ತಿದ್ದುದು ವೈಸರಾಯ್ ಒಬ್ಬನೇ ಅಲ್ಲ, ಗುಮಾಸ್ತರು, ಕಡತಗಳು, ಮೊಹರು, ಟೆಲಿಗ್ರಾಫ್ ಎಲ್ಲವೂ. ಕಾಲ್ಕಾದಿಂದ ಮೇಲಕ್ಕೆ 1903ರಲ್ಲಿ ರೈಲು ಬರುವವರೆಗೆ ಸರ್ಕಾರದ ದಫ್ತರಗಳು ಗಾಡಿಗಳಲ್ಲಿ ಬೆಟ್ಟ ಹತ್ತಿದವು. ವರ್ಷದ ಹೆಚ್ಚಿನ ತಿಂಗಳು ಆದೇಶಗಳು ಅಲ್ಲಿಂದಲೇ ಹೊರಟು, ಕಾಗದದ ತಲೆಯ ಮೇಲೆ ಸಿಮ್ಲಾ ಎಂದು ಬರೆದುಕೊಂಡು ಮದರಾಸಿಗೂ ಮೈಸೂರಿಗೂ ಬರುತ್ತಿದ್ದವು. ಕಬ್ಬನ್ ನಂದಿಗೆ ಬಂದದ್ದು ಸೆಕೆಯಿಂದ ತಪ್ಪಿಸಿಕೊಳ್ಳಲು. ಬೆಟ್ಟಕ್ಕೆ ಅಧಿಕಾರಿ ಬಂದರೆ ಸಾಲದು, ಆವಕ ಜಾವಕ ಪುಸ್ತಕವೂ ಬರಬೇಕು.

ಪತ್ರಿಕೆಗಳಿಗೆ ಇದರಿಂದ ಏನು ಅನುಕೂಲ?

ಮೇಲ್ನೋಟಕ್ಕೆ ಕಾಣುವುದು ತಲೆಬರಹದ ಜಾಗದ ಉಳಿತಾಯ, ಆದರೆ ನಿಜವಾದ ಅನುಕೂಲ ಮಾತಾಡಿದವರ ಹೆಸರನ್ನು ಬರೆಯಬೇಕಾಗಿಲ್ಲ ಎಂಬುದು. ಪ್ರಧಾನಿ ಹೇಳಿದರು ಎಂದು ಬರೆದರೆ ಪ್ರಧಾನಿ ಆ ಮಾತಿಗೆ ಬದ್ಧರಾಗಬೇಕು. ವಕ್ತಾರರೋ ಆಪ್ತ ಕಾರ್ಯದರ್ಶಿಯೋ ಫೋನಿನಲ್ಲಿ ಹೇಳಿದ್ದನ್ನು ‘ಡೌನಿಂಗ್ ಸ್ಟ್ರೀಟ್ ಹೇಳಿದೆ’ ಎಂದರೆ ಮಾತು ಸರ್ಕಾರದ್ದಾಗುತ್ತದೆ, ನಾಳೆ ಅದು ತಪ್ಪೆಂದು ತಿಳಿದರೆ ಯಾರ ಕೊರಳಿಗೂ ಸುತ್ತಿಕೊಳ್ಳುವುದಿಲ್ಲ. ನಮ್ಮಲ್ಲಿ ‘ಬಲ್ಲ ಮೂಲಗಳು’ ಮಾಡುವ ಕೆಲಸವನ್ನು ಅಲ್ಲಿ ಬೀದಿ ಮಾಡುತ್ತದೆ. ಪರೀಕ್ಷೆಗೆ ಓದುವವರು ಇಂಥ ವಾಕ್ಯ ಸಿಕ್ಕಾಗಲೆಲ್ಲ ಪಕ್ಕದಲ್ಲಿ ‘ಯಾರು?’ ಎಂದು ಪೆನ್ಸಿಲಿನಲ್ಲಿ ಬರೆಯುವ ಅಭ್ಯಾಸ ಮಾಡಿಕೊಂಡರೆ ಸುದ್ದಿ ಓದುವ ರೀತಿಯೇ ಬದಲಾಗುತ್ತದೆ.

ಕಚೇರಿ ಬೇರೆಡೆಗೆ ಹೋದರೆ ಹೆಸರು ಏನಾಗುತ್ತದೆ?

ಕೆಲವು ಹೆಸರುಗಳು ಕಚೇರಿಯ ಹಿಂದೆಯೇ ಹೋಗುತ್ತವೆ. ಲಂಡನ್ ಪೊಲೀಸರ ಮೊದಲ ಕಚೇರಿಯ ಹಿಂಬಾಗಿಲು 1829ರಲ್ಲಿ ಗ್ರೇಟ್ ಸ್ಕಾಟ್‌ಲೆಂಡ್ ಯಾರ್ಡ್ ಎಂಬ ಜಾಗಕ್ಕೆ ತೆರೆಯುತ್ತಿತ್ತು. ಕಚೇರಿ 1890ರಲ್ಲಿ, 1967ರಲ್ಲಿ, ಮತ್ತೆ 2016ರಲ್ಲಿ ಸ್ಥಳ ಬದಲಿಸಿದರೂ ಹೆಸರನ್ನು ಗಂಟುಮೂಟೆಯಂತೆ ಹೊತ್ತುಕೊಂಡೇ ಹೋಯಿತು.

ಕೆಲವು ಹಾಗೆ ಹೋಗುವುದಿಲ್ಲ. ಕೋಲ್ಕತ್ತದ ರೈಟರ್ಸ್ ಬಿಲ್ಡಿಂಗ್ ಈಸ್ಟ್ ಇಂಡಿಯಾ ಕಂಪನಿಯ ಗುಮಾಸ್ತರಿಂದ ಹೆಸರು ಪಡೆದದ್ದು. ದಶಕಗಳ ಕಾಲ ಬಂಗಾಳ ಸರ್ಕಾರವೆಂದರೆ ‘ರೈಟರ್ಸ್’. 2013ರಲ್ಲಿ ಸಚಿವಾಲಯ ಹೌರಾದ ನಬಾನ್ನ ಎಂಬ ಕಟ್ಟಡಕ್ಕೆ ಹೋದಾಗ ಪತ್ರಿಕೆಗಳೂ ಹೊಸ ಹೆಸರಿಗೆ ಹೊರಳಿದವು. ಬರ್ಲಿನ್ನಿನ ವಿಲ್‌ಹೆಲ್ಮ್‌ಸ್ಟ್ರಾಸೆಯದು ಮೂರನೆಯ ಬಗೆ. ಜರ್ಮನಿಯ ವಿದೇಶಾಂಗ ಕಚೇರಿಯೂ ಚಾನ್ಸಲರ್ ಕಚೇರಿಯೂ ಅಲ್ಲಿದ್ದಷ್ಟು ಕಾಲ ಆ ಬೀದಿ ಜರ್ಮನ್ ಸರ್ಕಾರವಾಗಿತ್ತು. 1945ರಲ್ಲಿ ಆ ಸರ್ಕಾರವೇ ಇಲ್ಲವಾದಾಗ ಹೆಸರು ಇತಿಹಾಸದ ಪುಸ್ತಕಗಳಲ್ಲಿ ನಿಂತಿತು. ಪೂರ್ವ ಜರ್ಮನಿಯವರು 1964ರಲ್ಲಿ ಬೀದಿಗೆ ಬೇರೆ ಹೆಸರಿಟ್ಟರು, 1993ರಲ್ಲಿ ಹಳೆಯ ಹೆಸರು ಮರಳಿತು, ಅಧಿಕಾರ ಮರಳಲಿಲ್ಲ.

ಬೆಂಗಳೂರಿನ ಅಠಾರಾ ಕಚೇರಿಯನ್ನೂ ಇಲ್ಲಿ ನೆನೆಯಬೇಕು. 1860ರ ದಶಕದಲ್ಲಿ ಕಟ್ಟಿದ ಆ ಕೆಂಪು ಕಟ್ಟಡದಲ್ಲಿ ಸರ್ಕಾರದ ಹದಿನೆಂಟು ಇಲಾಖೆಗಳಿದ್ದವು ಎಂಬುದರಿಂದ ಬಂದ ಹೆಸರದು. ಇಲಾಖೆಗಳು ಎದುರಿನ ವಿಧಾನಸೌಧಕ್ಕೆ ಹೋದವು, ಈಗ ಅಲ್ಲಿರುವುದು ಹೈಕೋರ್ಟು. ಹಳಬರು ಮಾತ್ರ ಇನ್ನೂ ಹದಿನೆಂಟನ್ನು ಬಿಟ್ಟಿಲ್ಲ.

ಬೀದಿಯ ಹೆಸರನ್ನೇ ಸರ್ಕಾರ ಬದಲಿಸಿದರೆ?

2016ರಲ್ಲಿ ರೇಸ್ ಕೋರ್ಸ್ ರಸ್ತೆ ಲೋಕ ಕಲ್ಯಾಣ ಮಾರ್ಗವಾಯಿತು, ಪತ್ರಿಕೆಗಳು ಸ್ವಲ್ಪ ತಡವರಿಸಿ ಹೊಸದನ್ನು ಹಿಡಿದವು. 2022ರಲ್ಲಿ ರಾಜಪಥ ಕರ್ತವ್ಯ ಪಥವಾಯಿತು, ಅದಕ್ಕೂ ಹಿಂದೆ ಅದು ಕಿಂಗ್ಸ್‌ವೇ. ಆದರೆ ರಾಜಪಥ ಎಂದರೆ ನಮಗೆ ಜನವರಿ 26ರ ಪಥಸಂಚಲನ, ಆದೇಶಗಳಲ್ಲ. ಅದು ಯಾವತ್ತೂ ಸರ್ಕಾರದ ಪರ್ಯಾಯನಾಮ ಆಗಿರಲಿಲ್ಲ. ಆ ಪಾತ್ರ ವಹಿಸಿದ್ದು ಅದರ ತುದಿಯಲ್ಲಿ ರಾಷ್ಟ್ರಪತಿ ಭವನ ನಿಂತಿರುವ ರೈಸಿನಾ ಗುಡ್ಡ. ರೈಸಿನಾ ಎಂಬುದು ಹೊಸ ದೆಹಲಿ ಕಟ್ಟುವಾಗ ಜಾಗ ಬಿಟ್ಟುಕೊಟ್ಟ ಹಳ್ಳಿಯ ಹೆಸರು. ಹಳ್ಳಿ ಹೋಯಿತು, ಅದರ ಹೆಸರು ರಾಷ್ಟ್ರಪತಿಗಳ ಹೆಸರಿನ ಬದಲಿಗೆ ನಿಂತಿದೆ.

ವೈಟ್‌ಹಾಲ್ ಮತ್ತು ಡೌನಿಂಗ್ ಸ್ಟ್ರೀಟ್ ಎರಡೂ ಒಂದೇ ಅಲ್ಲವೇ?

ಅಲ್ಲ, ವಸ್ತುನಿಷ್ಠ ಪ್ರಶ್ನೆಗಳಲ್ಲಿ ಇಲ್ಲೇ ಎಡವುವುದು. ವೈಟ್‌ಹಾಲ್ ದೊಡ್ಡ ರಸ್ತೆ, 1698ರಲ್ಲಿ ಸುಟ್ಟುಹೋದ ಅರಮನೆಯಿಂದ ಹೆಸರು ಪಡೆದದ್ದು. ಅದು ಸೂಚಿಸುವುದು ಕಾಯಂ ಅಧಿಕಾರಿವರ್ಗವನ್ನು. ಡೌನಿಂಗ್ ಸ್ಟ್ರೀಟ್ ಅದರಿಂದ ಒಡೆದ ಓಣಿ, ಸೂಚಿಸುವುದು ಪ್ರಧಾನಿಯನ್ನು ಮತ್ತು ಅವರ ಸುತ್ತಲಿನವರನ್ನು. ಚುನಾವಣೆಯಾದರೆ ಡೌನಿಂಗ್ ಸ್ಟ್ರೀಟ್‌ನವರು ಬದಲಾಗುತ್ತಾರೆ, ವೈಟ್‌ಹಾಲ್‌ನವರು ಅಲ್ಲೇ ಇರುತ್ತಾರೆ.

ಬೀದಿಯೂ ಅಲ್ಲ, ಕಟ್ಟಡವೂ ಅಲ್ಲ, ಬರೀ ಬಾಗಿಲು ಸರ್ಕಾರವಾದದ್ದುಂಟೇ?

ಉಂಟು. ಉಸ್ಮಾನಿ ಸಾಮ್ರಾಜ್ಯದ ಸರ್ಕಾರವನ್ನು ಯುರೋಪಿನ ರಾಯಭಾರಿಗಳು ‘ಉನ್ನತ ದ್ವಾರ’ ಎಂಬ ಅರ್ಥದ ಹೆಸರಿನಿಂದಲೇ ಕರೆಯುತ್ತಿದ್ದರು, ತುರ್ಕಿಯಲ್ಲಿ ಬಾಬ್–ಇ ಆಲಿ. ಜಪಾನಿನ ಚಕ್ರವರ್ತಿಯನ್ನು ಸೂಚಿಸುವ ಮಿಕಾಡೊ ಎಂಬ ಪದದಲ್ಲಿಯೂ ಹೆಬ್ಬಾಗಿಲಿದೆ. ಈಜಿಪ್ಟಿನ ಫೇರೋ ಎಂದರೆ ಮೂಲದಲ್ಲಿ ‘ದೊಡ್ಡ ಮನೆ’. ಮೈಸೂರು ಸೀಮೆಯ ಹಳೆಯ ಕಾಗದಗಳಲ್ಲಿ ಬರುವ ‘ಹುಜೂರು’ ಎಂಬ ಪದಕ್ಕೆ ಸನ್ನಿಧಿ ಎಂದರ್ಥ. ದೊರೆಯ ಹೆಸರನ್ನು ನೇರವಾಗಿ ಹೇಳುವುದಕ್ಕೆ ಸಂಕೋಚವಿದ್ದ ಕಾಲದಲ್ಲಿ ಅವನ ಬಾಗಿಲು, ಮನೆ, ಎದುರಿನ ಜಾಗ ಎಲ್ಲವೂ ಹೆಸರಾದವು. ಗಂಡನ ಹೆಸರು ಹೇಳದೆ ‘ನಮ್ಮ ಮನೆಯವರು’ ಎನ್ನುವುದರಲ್ಲಿಯೂ ಇದೇ ಜಾಣ್ಮೆಯಿದೆ.

ಮುಂಬೈ ಸುದ್ದಿಯಲ್ಲಿ ಬರುವ ‘ಮಂತ್ರಾಲಯ’ ಯಾವುದು?

ಮಹಾರಾಷ್ಟ್ರದ ಸಚಿವಾಲಯ. ರಾಯರ ಮಠವಲ್ಲ. ‘ರೈತರ ಪಾದಯಾತ್ರೆ ಮಂತ್ರಾಲಯದತ್ತ’ ಎಂಬ ಸಾಲನ್ನು ಓದಿ ನಮ್ಮಲ್ಲೊಬ್ಬ ಕೈಮುಗಿದದ್ದೂ ಆಗಿದೆ.

ಕನ್ನಡದಲ್ಲಿ ಬರೆಯುವಾಗ ‘ಡೌನಿಂಗ್ ಬೀದಿ’ ಎನ್ನಬಹುದೇ? ಕ್ರಿಯಾಪದ ಹೇಗಿರಬೇಕು?

ಬೀದಿಯನ್ನು ಬೀದಿಯಾಗಿ ವರ್ಣಿಸುವಾಗ ಡೌನಿಂಗ್ ಬೀದಿ ಎಂದರೆ ತಪ್ಪಿಲ್ಲ. ಸರ್ಕಾರವೆಂಬ ಅರ್ಥದಲ್ಲಿ ಬರೆಯುವಾಗ ಹೆಸರನ್ನು ಅನುವಾದಿಸಬಾರದು, ಏಕೆಂದರೆ ಆಗ ಅದು ಬೀದಿಯಾಗಿ ಉಳಿದಿರುವುದಿಲ್ಲ, ಅಂಕಿತನಾಮವಾಗಿರುತ್ತದೆ. ಕ್ರಿಯಾಪದ ನಪುಂಸಕಲಿಂಗ ಏಕವಚನದಲ್ಲಿರಬೇಕು: ‘ಡೌನಿಂಗ್ ಸ್ಟ್ರೀಟ್ ತಿಳಿಸಿದೆ’, ‘ವಿಧಾನಸೌಧ ಮೌನವಾಗಿದೆ’. ಅದೇ ವಾಕ್ಯದಲ್ಲಿ ವ್ಯಕ್ತಿಯೂ ಬಂದರೆ ವಾಕ್ಯವನ್ನು ಒಡೆಯುವುದು ಕ್ಷೇಮ. ಇನ್ನೊಂದು ಎಚ್ಚರ, ಒಂದೇ ವರದಿಯಲ್ಲಿ ಇಂಥ ಹೆಸರು ಎರಡು ಸಲಕ್ಕಿಂತ ಹೆಚ್ಚು ಬಂದರೆ ಓದುಗ ದಾರಿ ತಪ್ಪುತ್ತಾನೆ.

ತಾಲ್ಲೂಕು ಕಚೇರಿಯನ್ನು ಮಿನಿ ವಿಧಾನಸೌಧ ಎನ್ನುವುದೂ ಇದೇ ಬಗೆಯದೇ?

ಅದು ಇದರ ತಿರುಗುಮುರುಗು. ಇಷ್ಟು ಹೊತ್ತು ನೋಡಿದ್ದು ಸ್ಥಳದ ಹೆಸರು ಸರ್ಕಾರಕ್ಕೆ ಹೋಗುವುದನ್ನು, ಇಲ್ಲಿ ಸರ್ಕಾರವಾಗಿಬಿಟ್ಟಿದ್ದ ಕಟ್ಟಡದ ಹೆಸರೊಂದು ಚಿಕ್ಕದಾಗಿ ತಾಲ್ಲೂಕಿಗೆ ಇಳಿದು ಬಂತು. ಆ ಹೆಸರು ಬಿಟ್ಟು ತಾಲ್ಲೂಕು ಆಡಳಿತ ಸೌಧ, ಪ್ರಜಾಸೌಧ ಎಂದು ಕರೆಯಬೇಕೆಂದು ಈಚೆಗೆ ನಿರ್ಧಾರಗಳಾಗಿವೆ, ಹೊಸ ಫಲಕಗಳೂ ಬರುತ್ತಿವೆ. ಜಾತಿ ಪ್ರಮಾಣಪತ್ರಕ್ಕೋ ಪಹಣಿಗೋ ಹಳ್ಳಿಯಿಂದ ಬಂದವರು ಬಸ್ಸಿಳಿದು ಆಟೋದವನಿಗೆ ಹೇಳುವುದು ಮಾತ್ರ ‘ಮಿನಿ ವಿಧಾನಸೌಧ, ಎಷ್ಟಾಗುತ್ತಪ್ಪಾ?’ ಎಂದೇ, ಶಿಡ್ಲಘಟ್ಟ ರಸ್ತೆಯ ಜಿಲ್ಲಾಡಳಿತ ಭವನಕ್ಕೆ ಹೋಗಬೇಕಾದರೆ ‘ಡಿ.ಸಿ. ಆಫೀಸು’. ಆ ಭವನದ ಪೂರ್ತಿ ಹೆಸರನ್ನು ಬಾಯಿಬಿಟ್ಟು ಹೇಳಿದ ಪ್ರಯಾಣಿಕರನ್ನು ನಾನು ಇದುವರೆಗೆ ಆಟೋದಲ್ಲಿ ಕಂಡಿಲ್ಲ.